ಏಳು ಮಂದಿಯ ಊಟ

ಹೌನ್ಸ್ಲೋ
೧೨ ಸೆಪ್ಟೆಂಬರ್ ೧೯೯೯, ರವಿವಾರ

ಸ್ಫೂರ್ತಿ,

ನಿನ್ನ ಹೋದ ಪತ್ರವನ್ನು ತಿದ್ದಿ ಇದರೊಳಗೇ ಇಟ್ಟಿದ್ದೇನೆ. ಒಟ್ಟು ಹನ್ನೊಂದು ತಪ್ಪು. ಅದರ ಹಿಂದಿನ ಸಲ ಹದಿನಾಲ್ಕಿದ್ದವು, ಆದ್ದರಿಂದ ಶಾಭಾಸ್. ಇಪ್ಪತ್ತಾರು ವರ್ಷದ ಮಗಳ ಪತ್ರಕ್ಕೆ ಕೆಂಪು ಮಸಿ ಹಚ್ಚಿ ತಿರುಗಿ ಕಳಿಸುವ ಅಪ್ಪ ಇನ್ನೆಲ್ಲೂ ಇರಲಾರ ಎಂದು ನೀನು ಗೊಣಗುವುದು ನನಗೆ ಇಲ್ಲಿ ಲಂಡನ್ನಿಗೇ ಕೇಳಿಸುತ್ತದೆ. ಗೊಣಗು, ಬೇಡ ಅನ್ನುವುದಿಲ್ಲ. ಕನ್ನಡದಲ್ಲಿ ಗೊಣಗು.

ಒಂದು ಸುದ್ದಿಯಿದೆ. ನನ್ನ ಟ್ರಾಸ್ಕ್ ಪುಸ್ತಕ ಕೊನೆಗೂ ಮುಗಿಯುವ ಲಕ್ಷಣ ಕಾಣುತ್ತಿದೆ. ನಲವತ್ತು ಕವಿತೆಗಳ ಅನುವಾದ ಸಿದ್ಧವಾಗಿದೆ. ಧಾರವಾಡದ ಪ್ರಕಾಶಕರು ಒಪ್ಪಿದ್ದಾರೆ, ಆದರೆ ಫೋನಿನಲ್ಲಿ ಒಂದು ತಕರಾರು ತೆಗೆದರು. "ಈ ಎಲ್ಡನ್ ಟ್ರಾಸ್ಕ್ ಅಂದ್ರ ಯಾರ್ರೀ ಸರ? ನಮ್ಮ ಮಂದಿಗೆ ಗೊತ್ತಿಲ್ಲ. ಮುಂದ ನಾಕು ಪುಟ ಅವರ ಚರಿತ್ರಿ ಬರದು ಕೊಡ್ರಿ" ಎಂದರು. ಅಮೆರಿಕದ ಮಂದಿಗೂ ಗೊತ್ತಿಲ್ಲ ಎಂದು ನಾನೇನು ಬಾಯಿ ಬಿಡಲಿಲ್ಲ.

ನನಗೆ ಗೊತ್ತಿರುವುದೇ ನಾಲ್ಕು ಸಾಲು. ಹುಟ್ಟಿದ್ದು ೧೯೦೧ರಲ್ಲಿ, ಪಶ್ಚಿಮ ಕಾನ್ಸಾಸಿನ ಡ್ರೈ ಫೋರ್ಕ್ ಎಂಬ ಊರು. ರೈಲ್ವೆ ಸ್ಟೇಶನ್ನಿನ ಪಕ್ಕದ ಕಾಳಿನ ಉಗ್ರಾಣದಲ್ಲಿ ಮೂವತ್ತು ವರ್ಷ ತೂಕದ ಕೆಲಸ. ಊರ ವಾರಪತ್ರಿಕೆಯಲ್ಲಿ ಒಂದು ಅಂಕಣ, ಮೂರು ಕವನಸಂಕಲನ. ನ್ಯೂಯಾರ್ಕಿನ ಯಾವನೋ ವಿಮರ್ಶಕ "ಪ್ರಾದೇಶಿಕ ಕವಿ" ಎಂದು ಒಂದೇ ಮಾತಿನಲ್ಲಿ ಕೈತೊಳೆದುಕೊಂಡ. ೧೯೭೪ರಲ್ಲಿ ತೀರಿಕೊಂಡ. ಅವನ ಮೂರನೆಯ ಸಂಕಲನ ದಾನದ ಪುಸ್ತಕಗಳ ಪೆಟ್ಟಿಗೆಯಲ್ಲಿ ಕೂತು ನಮ್ಮ ಬಿಜಾಪುರದ ಕಾಲೇಜಿಗೆ ಬಂದಿತ್ತು. ನಾನಾಗ ಅಲ್ಲಿ ಇಂಗ್ಲಿಷ್ ಮಾಸ್ತರ. ತೆರೆದು ನೋಡಿದರೆ ಪುಟಪುಟಕ್ಕೂ ಜೋಳ! ನಮ್ಮ ಡೋಣಿ ಹೊಳೆಯ ಸಾಲಿನ ಹೊಲದ ಬದುವಿನ ಮೇಲೆ ಕೂತು ಬರೆದಿದ್ದಾನೇನೋ ಅನ್ನಿಸಿತು. ಅಂದಿನಿಂದ ಇವನ ಬೆನ್ನು ಹತ್ತಿದ್ದೇನೆ. ನಿನ್ನವ್ವ ಇವನಿಗೆ ಸವತಿ ಎಂದೇ ಹೆಸರಿಟ್ಟಿದ್ದಳು.

ಈಗ ನೀನು ಅದೇ ಕಾನ್ಸಾಸಿನಲ್ಲಿ ಜೋಳದ ತಳಿಗಳ ಮೇಲೆ ಪಿಎಚ್.ಡಿ. ಮಾಡುತ್ತ ಕೂತಿದ್ದೀ. ಅಲ್ಲಿ ಜೋಳವನ್ನು ದನಕ್ಕೆ ಹಾಕುತ್ತಾರೆ ಎಂದು ಮೊದಲ ವರ್ಷ ಬರೆದಿದ್ದೀ, ನಾನು ನಕ್ಕಿದ್ದೆ. ಈಗಿನವರ ನಾಲಿಗೆ ಕೆಟ್ಟಿದೆ, ಟ್ರಾಸ್ಕನ ಕಾಲದಲ್ಲಿ ಹಾಗಿರಲಿಲ್ಲ. ಬಿಡುವಾದಾಗ ಒಮ್ಮೆ ಡ್ರೈ ಫೋರ್ಕಿಗೆ ಹೋಗಿ ಅವನ ಮನೆತನದವರು ಯಾರಾದರೂ ಇದ್ದರೆ ಮಾತಾಡಿಸಿಕೊಂಡು ಬಾ.

ಇವತ್ತು ಮಧ್ಯಾಹ್ನ ಎಂದಿನ ಹಾಗೆ ಮಂದಿ ಸೇರಿದ್ದರು. ಪಿನ್ನರಿನಿಂದ ಡಾಕ್ಟರ್ ಲಕ್ಷ್ಮೀಶ, ಶೋಭಾ ದಂಪತಿ ಎಲ್ಲ ಕೂಡಿ ಏಳು ಜನ. ಲಕ್ಷ್ಮೀಶ ತಮ್ಮ ಮೈಸೂರಿನ ಧಾಟಿಯಲ್ಲಿ "ಏನ್ ಸಾರ್, ನಿಮ್ಮ ಜೋಳ ಇನ್ನೂ ಕಟಾವಿಗೇ ಬಂದಿಲ್ವಾ?" ಎಂದು ಕಾಡಿದರು. ಎರಡು ಕವಿತೆ ಓದಿದೆ. ಪಾತ್ರೆ ತೊಳೆಯುವುದು ಇನ್ನೂ ಬಾಕಿ ಇದೆ.

ನಿನ್ನ ಅಪ್ಪ,
ಜಗದೇವಪ್ಪ


ಕಾನ್ಸಾಸ್
೧೭ ಅಕ್ಟೋಬರ್ ೧೯೯೯

ಅಪ್ಪಾಜಿ,

ಇಲ್ಲಿ ಕಟಾವಿನ ದಿನಗಳು. ಬೆಳಗ್ಗೆ ಆರರಿಂದ ಹೊಲದಲ್ಲಿದ್ದು, ಸಂಜೆ ಲ್ಯಾಬಿನಲ್ಲಿ ಕಾಳು ಎಣಿಸುತ್ತೇನೆ. ಕಟಾವು ಮುಗಿದ ಮೇಲೆ ನಿಮ್ಮ ಡ್ರೈ ಫೋರ್ಕಿಗೆ ಹೋಗಿಬರುತ್ತೇನೆ, ಖಂಡಿತ.

ಒಂದು ವಿಷಯ ಹೇಳಬೇಕು. ನನ್ನ ಪ್ರೊಫೆಸರ್ ಇಲ್ಲಿಯ ಸಂಶೋಧನಾ ಕೇಂದ್ರದಲ್ಲಿ ಐದು ವರ್ಷದ ಕೆಲಸಕ್ಕೆ ನನ್ನ ಹೆಸರು ಕೊಟ್ಟಿದ್ದಾರೆ. ಇಂಗ್ಲೆಂಡಿನಲ್ಲೂ ಒಂದು ಚಿಕ್ಕ ಕೆಲಸದ ಮಾತಿದೆ, ಲಂಡನ್ನಿನಿಂದ ರೈಲಿನಲ್ಲಿ ಒಂದು ಗಂಟೆ. ಇಲ್ಲಿಯದು ದೊಡ್ಡದು, ಆದರೆ ಅದಕ್ಕೇ ಹೋಗಬೇಕೆಂದು ನಾನೇನೂ ಹಟ ಹಿಡಿದಿಲ್ಲ. ಅವ್ವ ಹೋಗಿ ಮೂರು ವರ್ಷವಾಯಿತು. ಫೋನ್ ಮಾಡಿದರೆ ನೀವು "ಆರಾಮ ಅದೀನಿ" ಎನ್ನುತ್ತೀರಿ, ಆಮೇಲೆ ಹವೆಯ ಮಾತು, ಆಮೇಲೆ ಇಡಲಾ ಎನ್ನುತ್ತೀರಿ. ಅದಕ್ಕೇ ಪತ್ರದಲ್ಲಿ ಕೇಳುತ್ತಿದ್ದೇನೆ. ನೀವು ನಿಜಕ್ಕೂ ಹೇಗಿದ್ದೀರಿ?

ಎಷ್ಟು ತಪ್ಪಿವೆ ಬರೆಯಿರಿ.

ಸ್ಫೂರ್ತಿ


ಹೌನ್ಸ್ಲೋ
೧೪ ನವೆಂಬರ್ ೧೯೯೯, ರವಿವಾರ

ಸ್ಫೂರ್ತಿ,

ಆರು ತಪ್ಪು. ನೀನು ಹೀಗೇ ಮುಂದುವರಿದರೆ ನನಗೆ ಕೆಲಸವೇ ಇಲ್ಲದಂತಾಗುತ್ತದೆ.

ನನ್ನ ಚಿಂತೆ ಯಾಕೆ ತಲೆಗೆ ಹಚ್ಚಿಕೊಂಡಿದ್ದೀ? ಹೀತ್ರೂ ವಿಮಾನ ನಿಲ್ದಾಣದ ಕಾರ್ಗೋ ಕೆಲಸದಿಂದ ನಿವೃತ್ತಿಯಾದ ಮೇಲೆ ನನಗೆ ಪುರಸೊತ್ತು ಕಡಿಮೆಯಾಗಿದೆ. ಬೆಳಗ್ಗೆ ಲೈಬ್ರರಿ, ಮಧ್ಯಾಹ್ನ ಟ್ರಾಸ್ಕ್, ವಾರಕ್ಕೊಮ್ಮೆ ಮನೆ ತುಂಬ ಮಂದಿ. ಶೋಭಾ ಹೋದ ವಾರ ಬಿಸಿಬೇಳೆಭಾತ್ ತಂದಿದ್ದರು. ಅದನ್ನು ಹೊಗಳಿ ಹೊಗಳಿ ಉಂಡೆವು, ಅವರ ಕಾರು ತಿರುವು ದಾಟಿದ ಮೇಲೆ ನಾವು ಬಿಜಾಪುರದವರು ಮತ್ತೆ ರೊಟ್ಟಿ ತೆಗೆದೆವು. ಹೀಗೆ ನಡೆದಿದೆ ನನ್ನ ಸಂಸಾರ. ದೊಡ್ಡ ಕೆಲಸ ಬಂದರೆ ದೊಡ್ಡದನ್ನೇ ಹಿಡಿ.

ಪುಸ್ತಕಕ್ಕೆ ಹೆಸರಾಗುವ ಕವಿತೆ, "ಏಳು ಮಂದಿಯ ಊಟ", ಕಳಿಸುತ್ತಿದ್ದೇನೆ. ನಿನಗಿದು ಬಾಯಿಪಾಠವಿತ್ತು. ರವಿವಾರ ಬೆಳಗ್ಗೆ ಇದನ್ನು ಹೇಳಿಸಿಯೇ ನಿನಗೆ ಕನ್ನಡ ಕಲಿಸಿದ್ದು. ಟ್ರಾಸ್ಕ್ ಇಂಗ್ಲಿಷಿನಲ್ಲಿ ಬರೀ "ಊಟ" ಎಂದು ಹೆಸರಿಟ್ಟಿದ್ದ. ಏಳು ಜನ ಕೂಡಿ ಕಾಳು ತಿನ್ನುತ್ತಾರೆ, ಉಳಿದವರು ತಲೆ ಎತ್ತಿ ನೋಡುತ್ತಾರೆ, ಮತ್ತೆ ಬಾಗುತ್ತಾರೆ, ಯಾರೂ ಮಾತಾಡುವುದಿಲ್ಲ. ಇದು ಎಳ್ಳಮಾಸಿಯ ಚರಗವಲ್ಲದೆ ಮತ್ತೇನು? ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಮಾಡಿದ ಅಡುಗೆಯನ್ನು ಭೂಮಿತಾಯಿಗೆ ಚರಗವೆಂದು ಚೆಲ್ಲಿ, ಸಾಲಿನ ನಡುವೆ ಎಲ್ಲರೂ ಕೂತು ಉಣ್ಣುವ ಹಬ್ಬವನ್ನು ಈ ಪುಣ್ಯಾತ್ಮ ಕಾನ್ಸಾಸಿನಲ್ಲಿ ಹೇಗೆ ಕಂಡ ಎಂದು ನನಗೆ ಇಂದಿಗೂ ಸೋಜಿಗ.

ಚರಗದ ದಿನ ಹೊಲದ ನಡುವೆ
ಏಳು ಮಂದಿ ಕೂಡಿ ಕುಳಿತೆವು,
ಎಳೆಯ ಕಾಳು ತಿಕ್ಕಿ, ಊದಿ
ಕೈಯಿಂದ ಕೈಗೆ ಕೊಟ್ಟೆವು.
ನಕ್ಕು ತಲೆಯನೆತ್ತಿದವರು
ಮತ್ತೆ ಊಟಕೆ ಬಾಗಿದರು,
ಮಾತಿಗೂ ಬಿಡುವಿರದ ಊಟ,
ಹೊತ್ತು ಇಳಿದರು ಏಳರು.

ನಿನ್ನ ಅಪ್ಪ


ಕಾನ್ಸಾಸ್
೯ ಜನವರಿ ೨೦೦೦

ಅಪ್ಪಾಜಿ,

ಡ್ರೈ ಫೋರ್ಕಿಗೆ ಹೋಗಿಬಂದೆ. ಈ ಪತ್ರವನ್ನು ಮೂರು ಸಲ ಬರೆದು ಹರಿದಿದ್ದೇನೆ.

ಊರು ಎಂದರೆ ಒಂದು ಬೀದಿ, ಒಂದು ಚರ್ಚು, ಒಂದು ಪೆಟ್ರೋಲ್ ಪಂಪು. ಕಾಳಿನ ಉಗ್ರಾಣ ಮಾತ್ರ ಇನ್ನೂ ನಿಂತಿದೆ. ಟ್ರಾಸ್ಕನ ಮಗಳು ರೂತ್ ಅಲ್ಲೇ ಇದ್ದಾರೆ, ಎಪ್ಪತ್ತೊಂದು ವರ್ಷ. ಅಪ್ಪ ತೀರಿಕೊಂಡ ಮೇಲೆ ಆ ಮನೆಗೆ ಬಂದು ನೆಲೆಸಿದರಂತೆ. ಬಿಜಾಪುರದ ಒಬ್ಬರು ಲಂಡನ್ನಿನಲ್ಲಿ ಕೂತು ಮೂವತ್ತು ವರ್ಷದಿಂದ ತನ್ನ ಅಪ್ಪನನ್ನು ಓದುತ್ತಿದ್ದಾರೆ ಎಂದು ಕೇಳಿ ಅವರು ನನ್ನನ್ನು ಒಳಗೆ ಕರೆದು ಕೂರಿಸಿದರು. ಆಮೇಲೆ ಕಾಫಿ ಕೊಟ್ಟರು.

ನಾನು ನಿಮ್ಮ ಅನುವಾದವನ್ನು ಹೇಳಿ, ಅದರ ಅರ್ಥ ತಿಳಿಸಿದೆ. ಹಬ್ಬ, ಬಂಡಿ, ಏಳು ಮಂದಿ, ಎಲ್ಲ. ಅವರು ನಕ್ಕರು, ಆದರೆ ಕುಹಕದ ನಗೆಯಲ್ಲ. "ಏಳು ಮಂದಿ ಅಲ್ಲ ಮಗು, ಆರು ದನ ಮತ್ತು ನನ್ನ ಅಪ್ಪ" ಎಂದರು.

ಧೂಳು ಬಿರುಗಾಳಿಯ ವರ್ಷ, ೧೯೩೫. ಮಳೆ ಇಲ್ಲ, ಹೊಲವೆಲ್ಲ ಗಾಳಿಗೆ ಎದ್ದುಹೋಗಿದೆ. ರೂತ್ ಅವರಿಗೆ ಆಗ ಆರು ವರ್ಷ. ಅವರ ತಾಯಿ ಮಕ್ಕಳನ್ನು ಕರೆದುಕೊಂಡು ಮಿಸೌರಿಯ ತವರಿಗೆ ಹೋದರು. ಟ್ರಾಸ್ಕ್ ಒಬ್ಬರೇ ಉಳಿದರು. ಅಕ್ಕಪಕ್ಕದ ಮನೆಯವರು ಊಟಕ್ಕೆ ಕರೆದರೆ "ಈಗಷ್ಟೇ ಉಂಡು ಬಂದೆ" ಎನ್ನುತ್ತಿದ್ದರು. ಉಣ್ಣುತ್ತಿದ್ದದ್ದು ದನಕ್ಕೆ ಹಾಕುವ ಜೋಳ. ಇಲ್ಲಿ ಆ ಕಾಲದಲ್ಲೂ ಅದನ್ನು ಮನುಷ್ಯರು ತಿನ್ನುತ್ತಿರಲಿಲ್ಲ ಅಪ್ಪಾಜಿ. ಬೇರೆಯವರು ಕಂಡರೆ ನಾಚಿಕೆ ಎಂದು ಕೊಟ್ಟಿಗೆಯಲ್ಲಿ ನಿಂತು ತಿನ್ನುತ್ತಿದ್ದರು. ತಲೆ ಎತ್ತಿ ನೋಡಿದ್ದು ದನಗಳು. ನಾಲ್ಕು ವರ್ಷದಿಂದ ಜೋಳದ ನಡುವೆ ಇರುವ ನನಗಾದರೂ ಹೊಳೆಯಬೇಕಿತ್ತು. ಚಿಕ್ಕಂದಿನಿಂದ ನಿಮ್ಮ ಕನ್ನಡವೇ ಬಾಯಲ್ಲಿತ್ತು, ಇಂಗ್ಲಿಷನ್ನು ನಾನು ಓದಿಯೇ ಇರಲಿಲ್ಲ.

ಇನ್ನೊಂದಿದೆ. ಅದೇ ವರ್ಷ ಅವರು ವಾರಪತ್ರಿಕೆಯ ಅಂಕಣದಲ್ಲಿ ತಮ್ಮ ಮನೆಯ ಊಟದ ಸುದ್ದಿ ಬರೆಯುತ್ತಿದ್ದರು. ಹೆಂಡತಿ ಏನು ಅಡುಗೆ ಮಾಡಿದಳು, ಯಾರು ಬಂದಿದ್ದರು, ಏನು ನಗೆಯಾಯಿತು, ಎಲ್ಲ ಕಟ್ಟುಕತೆ. ಪತ್ರಿಕೆ ಟಪಾಲಿನಲ್ಲಿ ಮಿಸೌರಿಗೆ ಹೋಗುತ್ತಿತ್ತು. ತಾಯಿ ಮೊದಮೊದಲು ಓದಿ ನಗುತ್ತಿದ್ದರಂತೆ, ಆಮೇಲೆ ಬಿಚ್ಚುವುದನ್ನೇ ಬಿಟ್ಟರು. "ಅಪ್ಪ ಒಂದೇ ಒಂದು ಸಲ 'ಬಾ' ಎಂದು ಬರೆದಿದ್ದರೆ ಅಮ್ಮ ಆ ವಾರವೇ ರೈಲು ಹತ್ತುತ್ತಿದ್ದಳು. ಅವರು ಬರೆಯಲಿಲ್ಲ, ನಾವು ಬರಲಿಲ್ಲ" ಎಂದರು ರೂತ್.

ಚರಿತ್ರೆಯ ಪುಟಗಳಿಗೆ ಇದನ್ನು ಹಾಕಬಹುದು ಎಂದು ಅವರು ಒಪ್ಪಿದ್ದಾರೆ. ಕವಿತೆಯನ್ನು ತಿದ್ದುತ್ತೀರಾ?

ಸ್ಫೂರ್ತಿ


ಹೌನ್ಸ್ಲೋ
೨೩ ಜನವರಿ ೨೦೦೦, ರವಿವಾರ

ಸ್ಫೂರ್ತಿ,

ತಿದ್ದುವುದಿಲ್ಲ.

ಆ ಹೆಣ್ಣುಮಗಳು ಆಗ ಆರು ವರ್ಷದ ಕೂಸು, ಮೇಲಾಗಿ ಆ ಊರಲ್ಲೇ ಇರಲಿಲ್ಲ. ಕವಿ ಏನು ಬರೆದ ಎಂಬುದಕ್ಕೆ ಅವಳ ಸಾಕ್ಷಿ ನನಗೆ ಬೇಕಿಲ್ಲ. ಕವಿತೆಯಲ್ಲಿ ದನ ಎಂಬ ಶಬ್ದವಿಲ್ಲ, ಕೊಟ್ಟಿಗೆ ಎಂಬ ಶಬ್ದವೂ ಇಲ್ಲ. ನಾನು ಆ ಎಂಟು ಸಾಲಿನ ಜೊತೆ ಮೂವತ್ತು ವರ್ಷ ಬಾಳ್ವೆ ಮಾಡಿದ್ದೇನೆ. ನೀನು ಒಂದು ಮಧ್ಯಾಹ್ನ ಕಾಫಿ ಕುಡಿದು ಬಂದು ನನಗೆ ಅದರ ಅರ್ಥ ಹೇಳಿಕೊಡುತ್ತೀಯಾ?

ಹೋದ ರವಿವಾರ ನಮ್ಮ ಕೂಟದಲ್ಲಿ ಇದನ್ನೇ ಓದಿದೆ. ಏಳು ಜನರಿದ್ದೆವು. ಲಕ್ಷ್ಮೀಶರ ಕಣ್ಣಲ್ಲಿ ನೀರು ಬಂತು. ಸುಳ್ಳು ಕವಿತೆಯಾಗಿದ್ದರೆ ಮನುಷ್ಯ ಅಳುತ್ತಿದ್ದನೇ?

ನಿನ್ನ ಪತ್ರ ತಿದ್ದಿಲ್ಲ. ಮನಸ್ಸಿರಲಿಲ್ಲ.

ಜಗದೇವಪ್ಪ


ಕಾನ್ಸಾಸ್
೧೨ ಮಾರ್ಚ್ ೨೦೦೦

ಅಪ್ಪಾಜಿ,

ನಿಮಗೆ ಸಿಟ್ಟು ಬಂದಿದೆ ಎಂದು ಗೊತ್ತು. ನಾನೂ ಇಷ್ಟು ದಿನ ಸುಮ್ಮನಿದ್ದೆ. ಕವಿತೆಯ ಮಾತು ಬಿಡೋಣ.

ಹೋದ ವಾರ ನನಗೊಂದು ಈಮೇಲ್ ಬಂತು. ಲಕ್ಷ್ಮೀಶ ಅಂಕಲ್ ಅವರ ಮಗಳು ಮಾನ್ಯಾ ಬರೆದಿದ್ದಳು, ಇಂಟರ್ನೆಟ್ಟಿನಲ್ಲಿ ನಮ್ಮ ವಿಭಾಗದ ಪುಟದಲ್ಲಿ ನನ್ನ ಹೆಸರು ನೋಡಿ. ಅವರು ಪಿನ್ನರ್ ಬಿಟ್ಟು ಲೀಡ್ಸಿಗೆ ಹೋಗಿ ಎರಡು ವರ್ಷವಾಯಿತಂತೆ. "ನಿಮ್ಮ ತಂದೆ ಹೇಗಿದ್ದಾರೆ? ಅಮ್ಮ ಎಷ್ಟು ಸಲ ಫೋನ್ ಮಾಡಿದರೂ ಅವರ ಮನೆಯಲ್ಲಿ ಗೆಸ್ಟ್ ಇರ್ತಾರೆ, ಬೇಗ ಇಟ್ಟುಬಿಡ್ತಾರೆ" ಎಂದು ಕೇಳಿದ್ದಾಳೆ.

ನಾನು ಅದನ್ನು ಓದಿ ಲ್ಯಾಬಿನಿಂದ ಎದ್ದು ಹೊರಗೆ ಹೋದೆ. ನಿಮ್ಮ ಪತ್ರಗಳನ್ನೆಲ್ಲ ತೆಗೆದು ಮತ್ತೆ ಓದಿದೆ. ಪ್ರತಿ ರವಿವಾರ ಏಳು ಜನ. ಆ ಏಳು ಜನ ಯಾರು ಅಪ್ಪಾಜಿ?

ಈ ತಿಂಗಳು ಎರಡೂ ಕೆಲಸಗಳು ನನಗೇ ಬಂದಿವೆ. ಏಪ್ರಿಲ್ ೨೮, ಶುಕ್ರವಾರ, ಇಲ್ಲಿಯ ಕರಾರಿಗೆ ಸಹಿ ಹಾಕಲು ಕೊನೆಯ ದಿನ. ಐದು ವರ್ಷ ಎಂದರೆ ಐದು ವರ್ಷ, ನಡುವೆ ಬಿಟ್ಟು ಬರುವ ಹಾಗಿಲ್ಲ. ಇಂಗ್ಲೆಂಡಿನವರೂ ಅಲ್ಲಿಯವರೆಗೆ ಕಾಯುತ್ತಾರೆ. ನಾನು ಈಗಲೂ ಎರಡಕ್ಕೂ ಸಿದ್ಧ. ಫೋನಿನಲ್ಲಿ ಕೇಳುವುದಿಲ್ಲ, ಅಲ್ಲಿ ನೀವು ಆರಾಮವಾಗಿಯೇ ಇರುತ್ತೀರಿ. ಕಾಗದದ ಮೇಲೆ ಒಂದು ಮಾತು ಬರೆಯಿರಿ. ಬಾ ಎಂದರೆ ಬರುತ್ತೇನೆ. ಸುಮ್ಮನಿದ್ದರೆ ನೀವು ಚೆನ್ನಾಗಿದ್ದೀರಿ ಎಂದೇ ತಿಳಿದು ಸಹಿ ಹಾಕುತ್ತೇನೆ.

ನಿಮ್ಮ
ಸ್ಫೂರ್ತಿ


ಹೌನ್ಸ್ಲೋ
೨ ಏಪ್ರಿಲ್ ೨೦೦೦

ಸ್ಫೂರ್ತಿ, ಪತ್ರ ಮುಟ್ಟಿದೆ. ಪುಸ್ತಕದ ಪ್ರೂಫ್ ಬಂದಿವೆ, ಮೇಲೆ ತಲೆ ಎತ್ತಲೂ ಆಗುತ್ತಿಲ್ಲ. ಈ ಕಾರ್ಡಿನಲ್ಲಿ ಜಾಗವೂ ಕಡಿಮೆ. ಸಾವಕಾಶ ಬರೆಯುತ್ತೇನೆ. ಇಲ್ಲಿ ಬಿಸಿಲು ಬಿದ್ದಿದೆ.
ಅಪ್ಪ


ಹೌನ್ಸ್ಲೋ
೨೬ ಏಪ್ರಿಲ್ ೨೦೦೦, ಬುಧವಾರ

ನನ್ನ ತಾಯಿ, ಸ್ಫೂರ್ತಿ,

ರವಿವಾರ ಯಾರೂ ಬರುವುದಿಲ್ಲ.

ಮೊದಲು ಬರುತ್ತಿದ್ದರು, ಅದು ಸುಳ್ಳಲ್ಲ, ನೀನೇ ಕಂಡಿದ್ದೀ. ಅವರು ಬರುತ್ತಿದ್ದದ್ದು ನಿನ್ನವ್ವನ ರೊಟ್ಟಿಗೆ, ಅವಳು ಬಾಗಿಲಲ್ಲಿ ನಿಂತು "ಬರ್ರಿ ಬರ್ರಿ, ಕೂಡ್ರಿ" ಅನ್ನುವ ಮಾತಿಗೆ. ನನ್ನ ಕವಿತೆಯನ್ನು ಉಪ್ಪಿನಕಾಯಿಯ ಹಾಗೆ ನಂಜಿಕೊಳ್ಳುತ್ತಿದ್ದರು, ಅಷ್ಟೇ. ಅವಳು ಹೋದ ಮೇಲೆ ಮೂರ್ನಾಲ್ಕು ತಿಂಗಳು ಮರ್ಯಾದೆಗೆ ಬಂದರು. ನಾನು ಟೂಟಿಂಗಿನ ಹೋಟೆಲಿನಿಂದ ಇಡ್ಲಿ ಕಟ್ಟಿಸಿಕೊಂಡು ಬಂದು ಬಡಿಸಿದೆ. ಆಮೇಲೆ ಒಬ್ಬರಿಗೆ ಮೊಣಕಾಲು ನೋವು, ಒಬ್ಬರಿಗೆ ಮೊಮ್ಮಗ ಹುಟ್ಟಿದ, ಲಕ್ಷ್ಮೀಶರು ಊರನ್ನೇ ಬಿಟ್ಟರು. ಯಾರ ತಪ್ಪೂ ಅಲ್ಲ.

ನಿನಗೆ ಮೊದಲ ಸಲ ಸುಳ್ಳು ಬರೆದಾಗ ಒಂದೇ ವಾರದ ಮಾತು ಎಂದುಕೊಂಡಿದ್ದೆ. ಆಮೇಲೆ ಅದು ರುಚಿ ಹತ್ತಿತು. ಶೋಭಾ ಏನು ತಂದರು, ಲಕ್ಷ್ಮೀಶ ಏನೆಂದರು ಎಂದು ಬರೆಯುವ ಹೊತ್ತಿಗೆ ಮನೆಯಲ್ಲಿ ಮಂದಿ ಇದ್ದಂತೆಯೇ ಇರುತ್ತಿತ್ತು. ಪತ್ರ ಅಂಟಿಸಿದ ಮೇಲೆ ಕೆಟ್ಟದೆನಿಸುತ್ತಿತ್ತು. ಶೋಭಾ ಫೋನ್ ಮಾಡಿದಾಗ ಮಂದಿ ಬಂದಿದ್ದಾರೆ ಎನ್ನುತ್ತಿದ್ದೆ. ಎದೆ ತುಂಬಿ ಬಂದು ಏನಾದರೂ ಆಡಿಬಿಟ್ಟೇನು ಎಂಬ ಅಂಜಿಕೆ.

ನಾಚಿಕೆ ಬಿಟ್ಟು ಇನ್ನೊಂದು ಹೇಳುತ್ತೇನೆ. ವಾರಕ್ಕೆ ಎರಡು ಸಲ ಪಿಕಾಡಿಲಿ ಲೈನ್ ರೈಲು ಹಿಡಿದು ಹೀತ್ರೂಗೆ ಹೋಗುತ್ತೇನೆ. ಕೆಲಸ ಬಿಟ್ಟ ಜಾಗಕ್ಕೆ ಯಾಕೆ ಎನ್ನುತ್ತೀ? ಮೂರನೆಯ ಟರ್ಮಿನಲ್ಲಿನಲ್ಲಿ ಮುಂಬಯಿಯ ವಿಮಾನ ಇಳಿದವರು ಹೊರಗೆ ಬರುವ ಕಡೆ ಒಂದು ಬೆಂಚಿದೆ. ಅಲ್ಲಿ ಕೂತು ಯಾರಾದರೂ ಕನ್ನಡ ಮಾತಾಡುತ್ತಾರೇನೋ ಎಂದು ಕಿವಿ ಕೊಡುತ್ತೇನೆ. ಎಷ್ಟೋ ದಿನ ಒಂದಕ್ಷರವೂ ಬೀಳುವುದಿಲ್ಲ. ಹೋದ ಮಂಗಳವಾರ ನಮ್ಮ ಕಡೆಯ ಮುದುಕಿಯೊಬ್ಬಳು ಸೊಸೆಯನ್ನು ಬೈಯುತ್ತ ಬಂದಳು. "ಏ ಹುಡುಗಿ, ಉಪ್ಪಿನಕಾಯಿ ಡಬ್ಬಿ ಒಡದೈತೇನ ನೋಡ. ಅರಬಿಗೆಲ್ಲಾ ಎಣ್ಣಿ ಆಗಿದ್ರ ನಾ ನಾಳೆ ಏನ್ ಉಟ್ಟಕೊಳ್ಳಲಿ?" ಸೊಸೆ, "ಮನಿಗೆ ಹೋಗಿ ನೋಡೂಣು ಅತ್ತಿ, ಲಿಫ್ಟ್ ಬಂತ್ರಿ" ಎಂದಳು. ನಾನು ಎದ್ದು ಅವರ ಹಿಂದೆಯೇ ನಡೆದು ಲಿಫ್ಟಿನೊಳಗೂ ಹೋದೆ. ಕಾರು ನಿಲ್ಲಿಸುವ ಮಹಡಿಯವರೆಗೆ ಆ ಮುದುಕಿ ಬೈದಳು, ನಾನು ಕೇಳಿದೆ. ಮಾತಾಡಿಸಲಿಲ್ಲ. ಮಾತಾಡಿಸಿದ್ದರೆ "ಯಾರನ್ನ ಕರಕೊಂಡು ಹೋಗಾಕ ಬಂದೀರಿ?" ಎಂದು ಕೇಳುತ್ತಿದ್ದಳು.

ಕವಿತೆಯ ವಿಷಯದಲ್ಲಿ ನೀನು ಹೇಳಿದ್ದೇ ಸರಿ. ಜೋಳ ಕಂಡಲ್ಲೆಲ್ಲ ಪಂಕ್ತಿ ಕೂತಿರುತ್ತದೆ ಎಂದು ತಿಳಿಯುವುದು ನಮ್ಮ ಸೀಮೆಯವರಿಗೆ ಮಾತ್ರ ಸಾಧ್ಯ. ಆದರೆ ಅದೊಂದೇ ಕಾರಣವಲ್ಲ. ಈ ಮೂರು ವರ್ಷದಲ್ಲಿ ನನಗೇ ಎರಡು ಸಲ ಸಂಶಯ ಬಂದಿತ್ತು. ಹಬ್ಬವೇ ಇರಲಿ ಎಂದು ಮುಚ್ಚಿಟ್ಟೆ. ಪ್ರಕಾಶಕರಿಗೆ ಹೊಸ ಪ್ರತಿ ಕಳಿಸಿದ್ದೇನೆ. ದನಕ್ಕೆ ಮೇವು ಹಾಕುವ "ಗೋದಲಿ" ಎಂಬುದು ಮೂಲದಲ್ಲಿಲ್ಲ, ನಾನೇ ಹಾಕಿದ್ದೇನೆ. ಬಿಜಾಪುರದ ಇನ್ನೊಬ್ಬ ಓದುಗ ನನ್ನ ಹಾಗೆ ಮೋಸಹೋಗಬಾರದು.

ಗೋದಲಿಯ ಮುಂದೆ ಏಳು ಜನ ನಾವು,
ನನ್ನನ್ನೂ ಎಣಿಸಿದರೆ.
ಒಂದು ಹಿಡಿ ಕಾಳು
ತಿಕ್ಕಿದೆ, ಊದಿದೆ, ತಿಂದೆ.
ಆರು ಮುಖ ಎತ್ತಿ ನೋಡಿದವು,
ಮತ್ತೆ ಬಾಗಿದವು.
ಯಾರೂ ಏನೂ ಕೇಳಲಿಲ್ಲ.
ಊಟವಾಯಿತು.

ಇನ್ನು ನೀನು ಕೇಳಿದ ಆ ಒಂದು ಮಾತು. ನಿನ್ನ ಪತ್ರ ಬಂದು ಐದು ವಾರವಾಯಿತು. ಮಾರ್ಚ್ ಕೊನೆಯಲ್ಲಿ "ಬಾ" ಎಂದು ಬರೆದು, ಲಕೋಟೆಯ ಮೇಲೆ ವಿಳಾಸವನ್ನೂ ಬರೆದು, ಟಪಾಲು ಪೆಟ್ಟಿಗೆಯವರೆಗೆ ಹೋಗಿ ತಿರುಗಿ ಬಂದೆ. ನಿನ್ನವ್ವ ಇದ್ದಿದ್ದರೆ ನಿನಗೆ ದೊಡ್ಡ ಕೆಲಸವನ್ನೇ ಹಿಡಿ ಎನ್ನುತ್ತಿದ್ದಳು. ನನ್ನ ಒಂದು ಅಕ್ಷರಕ್ಕೆ ನೀನು ಅದನ್ನು ಬಿಟ್ಟು ಬರುತ್ತಿದ್ದೀ, ಅದು ನನಗೆ ಗೊತ್ತು. ಗೊತ್ತಿದ್ದೇ ಕಾರ್ಡಿನಲ್ಲಿ ಬಿಸಿಲಿನ ಸುದ್ದಿ ಬರೆದೆ.

ನಾನು ಕಾರ್ಗೋದಲ್ಲಿ ಹದಿನೇಳು ವರ್ಷ ದುಡಿದವನು. ಇವತ್ತು ಹಾಕಿದ ಪತ್ರ ಕಾನ್ಸಾಸಿಗೆ ಮುಟ್ಟಲು ಕಡಿಮೆಯೆಂದರೆ ಒಂದು ವಾರ ಬೇಕು. ನಾಡಿದ್ದು ಶುಕ್ರವಾರ. ನೀನು ಇದನ್ನು ಓದುವ ಹೊತ್ತಿಗೆ ಸಹಿ ಹಾಕಿ ಐದಾರು ದಿನವಾಗಿರುತ್ತದೆ. ಅಷ್ಟು ದಾಟಲಿ ಎಂದೇ ಕಾದೆ, ಇಲ್ಲದಿದ್ದರೆ ನಿಜ ಬರೆಯುವುದು ನನ್ನ ಕೈಯಲ್ಲಿ ಆಗುತ್ತಿರಲಿಲ್ಲ.

ಸಹಿ ಹಾಕಿದ್ದು ಒಳ್ಳೆಯದಾಯಿತು. ನನ್ನ ಸಲುವಾಗಿ ಹಳಹಳಿಸಬೇಡ. ನೀನು ಬಂದಿದ್ದರೆ ನನಗೆ ಬಹಳ ಸಂತೋಷವಾಗುತ್ತಿತ್ತು.

ಅಪ್ಪ